ಗೆರೆ ಎಳೆದವನ ಸಹಿ

ಮುದ್ರಣಾಲಯದ ಊಟದ ಕೋಣೆ
ಮೇ ೧೮, ಸೋಮವಾರ

ನನ್ನ ಜಗಳಗಂಟಿ ಮಗಳಿಗೆ,

ಅಪ್ಪನ ಪ್ರೀತಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಿನ್ನಮ್ಮನಿಗೆ ನೆಗಡಿ, ನಿನ್ನ ತಮ್ಮನಿಗೆ ರಜೆ, ನನಗೆ ಅವರಿಬ್ಬರ ಕಾಟ, ಉಳಿದಂತೆ ಕ್ಷೇಮ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಿನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಿರುವ ಅತ್ತೆ, ನನ್ನ ತಂಗಿ, ಹೇಳಿದಳು, ಮಾಡುತ್ತಿಲ್ಲವೆಂದು ಮಾವ ಹೇಳಿದರು. ಯಾರನ್ನು ನಂಬಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಮೂರು ವಾರ ತಡ ಮಾಡಿದೆ. ತಪ್ಪಾಯಿತು. ಕೆಲಸ ಹೆಚ್ಚಿತ್ತು ಎಂದು ಮೊದಲು ಬರೆದು ಆಮೇಲೆ ಹೊಡೆದುಹಾಕಿದೆ. ಮೇಲೆ ಕಾಣುವ ಕಪ್ಪು ಕಲೆ ಅದೇ. ಕೆಲಸ ಎಂದಿನಷ್ಟೇ ಇತ್ತು. ಈ ಹಾಳೆಯ ಬೆನ್ನು ತಿರುಗಿಸಿ ನೋಡು. ಹಾಳಾದ ನಕ್ಷೆಗಳನ್ನು ಕತ್ತರಿಸಿ ಪತ್ರ ಬರೆಯುವ ಚಾಳಿ ನನಗಿನ್ನೂ ಹೋಗಿಲ್ಲ. ಸಮುದ್ರ ಇರುವ ಭಾಗವನ್ನೇ ಆರಿಸಿಕೊಂಡಿದ್ದೇನೆ. ಅಲ್ಲಿ ಊರಿಲ್ಲ, ಬೆಟ್ಟವಿಲ್ಲ, ಅಕ್ಷರ ಚೆನ್ನಾಗಿ ಕಾಣುತ್ತದೆ.

ಈಗ ನೇರ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಊಟದ ಗಂಟೆ ಮುಗಿದುಹೋಗುತ್ತದೆ. ನಿನಗೆ ಸೀಟು ಸಿಕ್ಕ ಮೂರು ಕಾಲೇಜುಗಳನ್ನೂ ನೋಡಿ ಬಂದು ಹೋದ ಭಾನುವಾರ ಫೋನಿನಲ್ಲಿ ನಾನು ಹೇಳಿದ್ದು ನೆನಪಿದೆಯಲ್ಲ: "ಮೊದಲನೇ ಕಾಲೇಜಿಗೇ ಸೇರು. ಮೂರನೇದು ಬೇಡ. ಕಟ್ಟಡ ಸರಿಯಿಲ್ಲ, ಇನ್ನೆರಡು ವರ್ಷದಲ್ಲಿ ಮುಚ್ಚಬಹುದು ಅಂತ ಜನ ಹೇಳ್ತಾರೆ." ನೀನು "ಸರಿ ಅಪ್ಪ" ಅಂದೆ. ಹದಿನೆಂಟು ವರ್ಷದಲ್ಲಿ ನೀನು ವಾದ ಮಾಡದೆ ಸರಿ ಅಂದದ್ದು ಅದೇ ಮೊದಲು. ಆ 'ಸರಿ' ನನಗೆ ಅರಗಲಿಲ್ಲ. ಮಗಳೇ, ಹಾಗೆಂದು ಯಾವ ಜನವೂ ಹೇಳಿಲ್ಲ. ಹೇಳಿದವನು ನಾನೊಬ್ಬನೇ. ಆ ಕಟ್ಟಡ ಗಟ್ಟಿಯಾಗಿದೆ, ಕಾಲೇಜು ಎಲ್ಲಿಗೂ ಹೋಗುವುದಿಲ್ಲ.

ಒಪ್ಪಿಗೆ ಪತ್ರ ಕಳಿಸಲು ನಿನಗೆ ಶನಿವಾರ ಸಂಜೆ ಐದರವರೆಗೆ ಸಮಯವಿದೆ. ಇದು ಗುರುವಾರ ನಿನ್ನ ಕೈಸೇರುತ್ತದೆ. ಅಲ್ಲಿಯವರೆಗೆ ಯಾವುದಕ್ಕೂ ಒಪ್ಪಿಗೆ ಕಳಿಸಬೇಡವೆಂದು ಅತ್ತೆಯ ಮೂಲಕ ಹೇಳಿಸಿದ್ದೇನೆ. ಇದನ್ನೂ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ಕೇಳುತ್ತೀಯ. ಫೋನಿನಲ್ಲಿ ನನಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆಂದು ಈಗಷ್ಟೇ ಓದಿದೆಯಲ್ಲ.

ನೀನು ಅಂತಾರಾಷ್ಟ್ರೀಯ ಸಂಬಂಧಗಳ ವಿಷಯ ಓದುತ್ತೀನಿ ಅಂದ ದಿನದಿಂದ ನಿನ್ನಮ್ಮನಿಗೆ ಹಾಸ್ಯಕ್ಕೆ ಬರವಿಲ್ಲ. "ತಮ್ಮನ ಜೊತೆ ಒಂದು ಫ್ಯಾನಿನ ವಿಷಯಕ್ಕೆ ರಾಜಿ ಆಗದವಳು ದೇಶದೇಶಗಳಿಗೆ ರಾಜಿ ಮಾಡಿಸ್ತಾಳಂತೆ. ನಿಮ್ಮ ಮನೆ ಕಡೆಯ ಸಂಬಂಧಗಳನ್ನೇ ನನಗೆ ಇನ್ನೂ ನಿಭಾಯಿಸೋಕೆ ಆಗಿಲ್ಲ" ಎನ್ನುತ್ತಾಳೆ. ಆದರೆ ನೆರೆಮನೆಯ ಟೀಚರ್ ಬಂದಾಗ ಅವಳೇ ಗಂಟಲು ಸರಿ ಮಾಡಿಕೊಂಡು "ನಮ್ಮ ಹುಡುಗಿ ರಾಯಭಾರಿ ಆಗ್ತಾಳೆ" ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಿನಗೆ ಪರೀಕ್ಷೆ, ಓಡಾಡಲು ಆಗದು, "ಮೂರು ಕಡೆ ಸೀಟು ಸಿಕ್ಕಿದೆ, ನೀನೇ ಹೋಗಿ ನೋಡಿಕೊಂಡು ಬಾ ಅಪ್ಪ" ಎಂದು ಬರೆದೆಯಲ್ಲ, ಅದಕ್ಕೂ ಅವಳದೊಂದು ಮಾತು: "ನಿಮ್ಮಪ್ಪ ನೋಡೋದು ಏನು? ಗೋಡೆ ಮೇಲಿನ ನಕ್ಷೆ ನೋಡಿ ಬರ್ತಾರೆ."

ಅವಳ ಮಾತು ಸುಳ್ಳಾಗಲಿಲ್ಲ. ಮೂರು ಕಡೆಯೂ ನಾನು ಮೊದಲು ನೋಡಿದ್ದು ನಕ್ಷೆಯನ್ನೇ. ಇಪ್ಪತ್ತಾರು ವರ್ಷದಿಂದ ಗಡಿ ಗೆರೆ ಎಳೆಯುವ ಕೆಲಸದಲ್ಲಿರುವವನು ಇನ್ನೇನು ನೋಡಿಯಾನು? ಚಪ್ಪಲಿ ಹೊಲಿಯುವವನು ಮುಖ ನೋಡುವ ಮೊದಲು ಕಾಲು ನೋಡುತ್ತಾನೆ.

ಮೊದಲನೆಯದು ನೀನು ಚಿತ್ರದಲ್ಲಿ ನೋಡಿದ್ದಕ್ಕಿಂತ ದೊಡ್ಡದಾಗಿದೆ. ಎಲ್ಲ ಗಾಜು. ಒಳಗೆ ಕಾಲಿಟ್ಟರೆ ನಮ್ಮ ಮುಖವೇ ನಾಲ್ಕು ಕಡೆ ಕಾಣುತ್ತದೆ. ಕೋಟು ಹಾಕಿದ ಹುಡುಗಿಯೊಬ್ಬಳು ನನ್ನನ್ನು ಕರೆದುಕೊಂಡು ಎಲ್ಲ ತೋರಿಸಿದಳು. ದೇಶದೇಶಗಳ ಮಹಾಸಭೆಯ ಹಾಗೆ ಒಂದು ಸಭಾಂಗಣ, ಪ್ರತಿ ಕುರ್ಚಿಗೂ ಒಂದೊಂದು ಮೈಕು. ಗೋಡೆಯ ತುಂಬ ಹಿತ್ತಾಳೆಯ ಲೋಕನಕ್ಷೆ, ಎರಡಾಳು ಎತ್ತರದಲ್ಲಿ. ಅದರಲ್ಲಿ ಒಂದೇ ಒಂದು ಗಡಿಯಿಲ್ಲ. ಯಾಕಮ್ಮ ಎಂದರೆ, "ನಾವು ಗಡಿ ಮೀರಿ ಯೋಚಿಸ್ತೀವಿ ಸರ್" ಅಂದಳು. ಎಲ್ಲರೂ ಹಾಗೇ ಯೋಚಿಸಿದರೆ ನನ್ನ ಕೆಲಸ ಹೋಗುತ್ತದೆ. ತಮಾಷೆ ಬಿಡು. ಅಲ್ಲಿನ ಗ್ರಂಥಾಲಯ ನೋಡಿ ನಾನು ಕೈಮುಗಿದೆ. ನಾಲ್ಕು ವಿದೇಶಿ ಭಾಷೆ ಕಲಿಸುತ್ತಾರೆ. ಅಲ್ಲಿ ಓದಿದವರು ದೂತಾವಾಸಗಳಲ್ಲಿದ್ದಾರೆ, ಅವರ ಫೋಟೋಗಳು ಸಾಲಾಗಿವೆ. ನೀನು ಅಲ್ಲಿಗೇ ಹೋದರೂ ಕೆಡುವುದಿಲ್ಲ. ಆದರೆ ನಾನು ಅಲ್ಲಿದ್ದ ಮೂರು ಗಂಟೆಯಲ್ಲಿ ಯಾರೂ ಯಾರನ್ನೂ ಪ್ರಶ್ನೆ ಕೇಳಿದ್ದು ಕಾಣಲಿಲ್ಲ. ಮೈಕುಗಳೆಲ್ಲ ಹೊಚ್ಚಹೊಸವಾಗಿದ್ದವು.

ಎರಡನೆಯದರಲ್ಲಿ ನಕ್ಷೆ ಬೀರುವಿನ ಹಿಂದೆ ಸುರುಳಿ ಸುತ್ತಿ ನೆಲ ಒರೆಸುವ ಕೋಲಿನ ಜೊತೆ ನಿಂತಿತ್ತು. ಮೇಷ್ಟ್ರು ಒಳ್ಳೆಯವರು, ಪಾಪ, ಎರಡು ವಿಭಾಗಕ್ಕೆ ಒಬ್ಬರೇ. ನನ್ನ ಜೊತೆ ಮಾತಾಡುತ್ತಲೇ ಇಪ್ಪತ್ತು ಉತ್ತರಪತ್ರಿಕೆ ತಿದ್ದಿದರು. ನಾನು ಅಲ್ಲಿ ಹೆಚ್ಚು ಮಾತಾಡಿದ್ದು ಕಾವಲುಗಾರನ ಜೊತೆ. "ಮಕ್ಕಳು ಜಾಣರೇ ಸಾರ್, ಆದರೆ ಇಲ್ಲಿ ಇರೋದಿಲ್ಲ" ಅಂದ. ಅದನ್ನು ಪಟ್ಟಿಯಿಂದ ತೆಗೆದುಬಿಡು.

ಇನ್ನು ಮೂರನೆಯದು. ಷೂ ಅಂಗಡಿಯ ಪಕ್ಕದಲ್ಲೊಂದು ಕಿರಿದಾದ ಬಾಗಿಲು, ಅಲ್ಲಿಂದ ಮೂರು ಮಹಡಿ ಹತ್ತಬೇಕು. ನನ್ನ ಮಂಡಿಗೆ ಪ್ರತಿ ಮೆಟ್ಟಿಲೂ ನೆನಪಿದೆ. ವರ್ಷಕ್ಕೆ ಇಪ್ಪತ್ತಾರೇ ವಿದ್ಯಾರ್ಥಿಗಳು, ಎರಡೇ ವಿದೇಶಿ ಭಾಷೆ, ಒಂದು ಉದ್ದ ಕೋಣೆ, ಕಿಟಕಿಯಲ್ಲಿ ಒಣಗಲು ಹಾಕಿದ ಛತ್ರಿಗಳು. ಯಾರೂ ನನ್ನನ್ನು ಸುತ್ತಾಡಿಸಲಿಲ್ಲ. ಪಾಠ ನಡೆದಿತ್ತು, ಹಿಂದಿನ ಬೆಂಚಿನಲ್ಲಿ ಕೂತೆ. ಪ್ರಾಧ್ಯಾಪಕಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು, ತಲೆಯಲ್ಲಿ ಸೀಮೆಸುಣ್ಣದ ಪುಡಿ. ಒಂದು ನದಿ, ಎರಡು ದೇಶ, ನೀರು ಯಾರಿಗೆಷ್ಟು ಎಂಬ ಜಗಳ. ಮಕ್ಕಳನ್ನು ಎರಡು ಪಾಲು ಮಾಡಿದ್ದರು. ಆದರೆ ಅಲ್ಲೊಂದು ನಿಯಮ. ಯಾರೂ ಮೊದಲು ತಮ್ಮ ದೂರು ಹೇಳುವ ಹಾಗಿಲ್ಲ. ಎದುರಿನವರ ದೂರನ್ನು ಹೇಳಬೇಕು. ಎದುರಿನವರು "ಹೌದು, ಇದೇ ನಮ್ಮ ನೋವು" ಎಂದು ಒಪ್ಪಿದ ಮೇಲಷ್ಟೇ ತಮ್ಮದಕ್ಕೆ ಬಾಯಿ ತೆರೆಯಬಹುದು.

ಒಬ್ಬ ಹುಡುಗ ಮೂರು ಸಲ ಎದ್ದು ಮೂರು ಸಲ ಕೂತ. ಎದುರಿನವರು ತಲೆಯಾಡಿಸಲೇ ಇಲ್ಲ. "ಅವರು ಹಠ ಮಾಡ್ತಿದಾರೆ ಮೇಡಂ" ಅಂದ. "ಹಠ ಅಲ್ಲ. ನೀನು ಹೇಳ್ತಿರೋದು ಅವರ ದೂರಲ್ಲ, ಅವರ ದೂರಿಗೆ ನಿನ್ನ ಉತ್ತರ. ಇನ್ನೊಂದ್ಸಲ ಹೇಳು" ಅಂದರು ಅವರು. ನಾಲ್ಕನೆಯ ಸಲ ಅವನು ನಿಧಾನವಾಗಿ, ಬೇಸಿಗೆಯಲ್ಲಿ ತಗ್ಗಿನ ಊರಿನವರ ಬಾವಿ ಹೇಗೆ ಬತ್ತುತ್ತದೆಂದು ಹೇಳಿದ. ಎದುರಿನ ಹುಡುಗಿ "ಹೌದು" ಅಂದಳು. ನನಗೆ ನೀನೇ ಅಲ್ಲಿ ಎದ್ದು ನಿಂತ ಹಾಗೆ ಕಂಡಿತು. ವಾದ ಮಾಡಲು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಇದನ್ನು ಕಲಿಸಬೇಕು. ನನಗೂ ಯಾರಾದರೂ ಕಲಿಸಬೇಕಿತ್ತು.

ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ನಕ್ಷೆ ಇತ್ತು. ಹದಿನಾಲ್ಕು ವರ್ಷದ ಹಿಂದೆ ನಮ್ಮ ಮುದ್ರಣಾಲಯದಲ್ಲಿ ಅಚ್ಚಾದದ್ದು. ಗಾಜಿನ ಮೇಲೆ ಒಂದು ಜಾಗದಲ್ಲಿ ಬೆರಳು ತಾಗಿ ತಾಗಿ ಮಬ್ಬಾಗಿತ್ತು. ಪಾಠ ಮುಗಿದ ಮೇಲೆ ಪ್ರಾಧ್ಯಾಪಕಿ ಹೇಳಿದರು: "ಮೊದಲ ದಿನ ನಾನು ಪಾಠ ಮಾಡಲ್ಲ. ಇದರ ಮುಂದೆ ನಿಲ್ಲಿಸ್ತೀನಿ. ಇದರಲ್ಲಿ ಒಂದು ಊರು ತನಗೇ ಗೊತ್ತಿಲ್ಲದೆ ದೇಶ ಬದಲಾಯಿಸಿದೆ, ಹುಡುಕಿ ಅಂತೀನಿ. ಒಂದು ಗಂಟೆ ಹುಡುಕ್ತಾರೆ. ಸಿಕ್ಕ ಮೇಲೆ ಕೇಳ್ತೀನಿ, ಇದನ್ನ ಸರಿ ಮಾಡೋ ಜವಾಬ್ದಾರಿ ಯಾರದು? ಗೆರೆ ಎಳೆದವನದಾ, ಪರೀಕ್ಷೆ ಮಾಡಿ ಸಹಿ ಹಾಕಿದವನದಾ, ಕೊಂಡವರದಾ, ಆ ಊರಿನವರದಾ? ಮೂರು ವರ್ಷ ಅದೇ ಪ್ರಶ್ನೆ."

ನಾನು ಹುಡುಕಬೇಕಾಗಿರಲಿಲ್ಲ. ಬೆರಳು ತಾನಾಗಿ ಅಲ್ಲಿಗೆ ಹೋಯಿತು. ನದಿ ಎರಡಾಗಿ ಒಡೆದು ಮತ್ತೆ ಕೂಡುವ ಕಡೆ ಎಳ್ಳಿನಷ್ಟು ಒಂದು ದ್ವೀಪ. ಗಡಿ ದ್ವೀಪದ ಮೂಡಲ ಕವಲಿನಲ್ಲಿ ಹೋಗಬೇಕು, ಅದರಲ್ಲಿ ಪಡುವಣ ಕವಲಿನಲ್ಲಿ ಹೋಗಿದೆ. ದ್ವೀಪದ ಊರು ಪಕ್ಕದ ದೇಶಕ್ಕೆ ಸೇರಿದೆ. "ಇಷ್ಟು ಬೇಗ ಯಾರೂ ಹುಡುಕಿಲ್ಲ. ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. "ಮುದ್ರಣಾಲಯದಲ್ಲಿ" ಎಂದಷ್ಟೇ ಹೇಳಿದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಟೀ ತರಿಸಿದರು.

ನಮ್ಮಲ್ಲಿನ ನಿಯಮ ನಿನಗೆ ಗೊತ್ತೇ ಇದೆ, ಚಿಕ್ಕವಳಿದ್ದಾಗ ಅದನ್ನು ಹಾಡಿನ ಹಾಗೆ ಹೇಳುತ್ತಿದ್ದೆ: ಗೆರೆ ಎಳೆದವನು ಸಹಿ ಹಾಕುವ ಹಾಗಿಲ್ಲ. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಇನ್ನೊಬ್ಬ ಪರೀಕ್ಷಿಸಿ ಹಾಳೆಯ ಮೂಲೆಯಲ್ಲಿ ಸಹಿ ಹಾಕಬೇಕು. ನನ್ನ ಗೆರೆಗಳಿಗೆ ಆಗ ಸಹಿ ಹಾಕುತ್ತಿದ್ದವನು ನಿನ್ನ ಮಸಿಮಾಮ. ಅವನ ಕೈಗೆ ಯಾವಾಗಲೂ ಮಸಿ ಅಂಟಿರುತ್ತಿತ್ತೆಂದು ಆ ಹೆಸರು ಇಟ್ಟವಳೂ ನೀನೇ. ಅವನು ಹಾಳಾದ ನಕ್ಷೆಯ ಚೂರುಗಳಲ್ಲಿ ದೋಣಿ ಮಡಿಸಿ ಕೊಡುತ್ತಿದ್ದ. ನೀನು ಬಕೆಟ್ಟಿನಲ್ಲಿ ತೇಲಿಬಿಟ್ಟು ಒಂದೊಂದು ದೋಣಿಯನ್ನು ಒಂದೊಂದು ದೇಶ ಮಾಡಿ, ಡಿಕ್ಕಿ ಹೊಡೆದವಕ್ಕೆ ಬೈದು ಬುದ್ಧಿ ಹೇಳುತ್ತಿದ್ದೆ. ನೀನು ಈ ವಿಷಯ ಆರಿಸಿಕೊಂಡದ್ದು ಟೀವಿ ನೋಡಿ ಎಂದು ನಿನ್ನಮ್ಮ ಹೇಳುತ್ತಾಳೆ. ಆ ಬಕೆಟ್ಟಿನಿಂದ ಎಂದು ನಾನು ಹೇಳುತ್ತೇನೆ. ನಿನಗೆ ನಾಲ್ಕು ವರ್ಷವಾಗಿದ್ದಾಗ ಅವನು ಊರು ಬಿಟ್ಟ. ನೀನು ತಿಂಗಳುಗಟ್ಟಲೆ ಕೇಳಿದೆ. "ಒಳ್ಳೆ ಕೆಲಸ ಸಿಕ್ತು, ಹೋದ. ನಮ್ಮನ್ನೆಲ್ಲ ಮರೆತುಬಿಟ್ಟ" ಎಂದು ನಾನು ಹೇಳಿದೆ. ಆಮೇಲೆ ನೀನು ಕೇಳುವುದನ್ನು ನಿಲ್ಲಿಸಿದೆ.

ಗಂಟೆ ಹೊಡೆಯಿತು. ನನ್ನ ಅಭಿಪ್ರಾಯ ಇಷ್ಟು: ಮೂರನೆಯದಕ್ಕೆ ಸೇರು. ಅಲ್ಲಿ ನೀನು ಅರಳುತ್ತೀಯ ಎಂದು ನನಗೆ ಖಾತರಿಯಾಗಿದೆ. ಆದರೆ ಅಪ್ಪ ಹೇಳಿದನೆಂದು ಮತ್ತೆ ಸುಮ್ಮನೆ "ಸರಿ" ಅನ್ನಬೇಡ. ಒಮ್ಮೆ ಅಪ್ಪನ ಮಾತು ನಂಬಿ ಮೋಸ ಹೋಗಿದ್ದೀಯ. ಗಾಜಿನ ಕಾಲೇಜೇ ಬೇಕೆನಿಸಿದರೆ ಅದಕ್ಕೇ ಬರೆ, ನಾನು ಅಷ್ಟೇ ಸಂತೋಷದಿಂದ ಪೆಟ್ಟಿಗೆ ಹೊತ್ತು ಬರುತ್ತೇನೆ. ಅಲ್ಲಿ ಹೊರಲು ಲಿಫ್ಟ್ ಕೂಡ ಇದೆ.

ಅತ್ತೆ ಮಾವನಿಗೆ ನಮಸ್ಕಾರ ಹೇಳು. ಕಣ್ಣಿಗೆ ಹತ್ತಿರ ಹಿಡಿದು ಓದಬೇಡ. ನೀನು ಎಲ್ಲಿ ಓದಿದರೂ ನಿನ್ನ ಮಾತಿಗೆ ನಾಲ್ಕು ಜನ ಕಿವಿಗೊಡಲಿ, ನಾಲ್ಕು ಜನರ ಮಾತಿಗೆ ನೀನೂ ಕಿವಿಗೊಡುವಂತಾಗಲಿ. ನೂರು ಕಾಲ ಜಗಳವಾಡಿಕೊಂಡು ಸುಖವಾಗಿರು.

ಇಂತಿ ನಿನ್ನ
ಅಪ್ಪ

ತಾ.ಕ.: ಮಂಗಳವಾರ ಬೆಳಿಗ್ಗೆ. ನಿನ್ನೆ ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯ ಮುಂದೆ ನಿಂತು, ಹಾಕದೆ ವಾಪಸ್ಸು ಬಂದೆ. ಹಾಗಾಗಿ ಇದು ಗುರುವಾರವಲ್ಲ, ಶುಕ್ರವಾರ ನಿನ್ನ ಕೈಸೇರುತ್ತದೆ; ಶನಿವಾರಕ್ಕೆ ಇನ್ನೂ ಒಂದು ದಿನ ಇರುತ್ತದೆ. ಒಂದು ಹಾಳೆ ಕಡಿಮೆ ಇತ್ತು. ಇದು ಆ ಹಾಳೆ. ಇದರ ಬೆನ್ನಿಗೂ ಸಮುದ್ರವೇ ಇದೆ.

ಆ ಕಾಲೇಜಿನ ನಕ್ಷೆಯಲ್ಲಿ ಪಡುವಣ ಕವಲಿಗೆ ಗೆರೆ ಎಳೆದವನು ನಾನು.

ಆಗೆಲ್ಲ ಗೆರೆಗಳನ್ನು ಅಚ್ಚಿನ ಫಿಲ್ಮಿನ ಮೇಲೆ ಸೂಜಿಯಲ್ಲಿ ಕೆತ್ತುತ್ತಿದ್ದೆವು. ಮಸಿಮಾಮ ಪರೀಕ್ಷೆಯ ಹಾಳೆಯಲ್ಲಿ, ಅಂದರೆ ತಪ್ಪು ನೋಡಲೆಂದು ಮೊದಲು ತೆಗೆಯುವ ಅಚ್ಚಿನಲ್ಲಿ, ತಪ್ಪನ್ನು ಹಿಡಿದಿದ್ದ. ದ್ವೀಪದ ಸುತ್ತ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ನನ್ನ ಮೇಜಿಗೆ ಕಳಿಸಿದ. ನಾನು ತಿದ್ದಲು ಕೂತೆ, ಸೂಜಿಯ ಮೊನೆ ಮುರಿಯಿತು, ಹೊಸದು ತರಲು ಹೋದವನು ಅಲ್ಲೇ ಹರಟೆಗೆ ನಿಂತೆ, ಬಂದು ಬೇರೆ ಹಾಳೆ ಹಿಡಿದೆ. ಆ ದಿನ ನಿನಗೆ ಜ್ವರವಿತ್ತು ಎಂದು ಬರೆಯಲು ಆಸೆಯಾಗುತ್ತದೆ. ನಿನಗೆ ಏನೂ ಆಗಿರಲಿಲ್ಲ, ಮನೆಯಲ್ಲಿ ದೋಣಿ ಆಡುತ್ತಿದ್ದೆ. ಸಂಜೆ ಅವನು ಬಂದು "ದ್ವೀಪ ಸರಿ ಆಯ್ತಾ?" ಅಂದ. "ಮಾಡಿದೀನಿ ಮಾರಾಯ, ಸಹಿ ಹಾಕು" ಅಂದೆ. ಅವನು ಮತ್ತೆ ನೋಡಲಿಲ್ಲ. ನನ್ನ ಮಾತು ನೋಡಿದಷ್ಟೇ ಆಯಿತು ಅವನಿಗೆ. ಹನ್ನೆರಡು ಸಾವಿರ ನಕ್ಷೆ ಶಾಲೆಗಳಿಗೆ ಹೋದವು. ದ್ವೀಪದ ಶಾಲೆಯಿಂದಲೇ ದೂರು ಬಂತು, ಅಲ್ಲಿನ ಮಕ್ಕಳು ನಾವು ಯಾವ ದೇಶದವರು ಎಂದು ಕೇಳುತ್ತಿದ್ದರಂತೆ.

ವಿಚಾರಣೆಯಲ್ಲಿ ಸಹಿ ಯಾರದೆಂದು ಕೇಳಿದರು. "ನನ್ನದು" ಅಂದ. ಆಮೇಲೆ ನನ್ನ ಕಡೆ ನೋಡಿದ. ದುರುಗುಟ್ಟಿ ಅಲ್ಲ, ಸುಮ್ಮನೆ, ಸರದಿ ನಿನ್ನದು ಎನ್ನುವ ಹಾಗೆ. ನಾನು ನನ್ನ ಚಪ್ಪಲಿ ನೋಡಿದೆ. ಅವನ ಕೆಲಸ ಹೋಯಿತು. ಒಳ್ಳೆ ಕೆಲಸ ಸಿಕ್ಕಿ ಹೋದ, ಮರೆತುಬಿಟ್ಟ ಎಂದು ನಿನಗೆ ಹೇಳಿದೆನಲ್ಲ, ಅವನಿಗೆ ಮಾಡಿದ್ದು ಸಾಲದೆಂದು ನಿನ್ನ ಮನಸ್ಸಿನಿಂದಲೂ ಅವನನ್ನು ಹೊರಗೆ ಹಾಕಿದೆ.

ಆ ಕಾಲೇಜಿಗೆ ನಕ್ಷೆಯನ್ನು ಚೌಕಟ್ಟು ಹಾಕಿ ಕೊಟ್ಟವನು ಅವನೇ. ಎರಡು ಬೀದಿ ಹಿಂದೆ ಅವನ ಚೌಕಟ್ಟಿನ ಅಂಗಡಿ ಇದೆ. "ಸಹಿ ಹಾಕಿದ್ದು ನಾನೇ ಅಂತ ಅವರೇ ಹೇಳ್ಕೊಂಡ್ರು. ಎಳೆದವರು ಯಾರು ಅಂದ್ರೆ, ಅವರ ಹೆಸರು ನಕ್ಷೆಯಲ್ಲಿ ಇರಲ್ಲ ಮೇಡಂ ಅಂತ ನಕ್ಕುಬಿಡ್ತಾರೆ" ಎಂದು ಪ್ರಾಧ್ಯಾಪಕಿ ಹೇಳಿದರು. ಟೀ ಕೈಯಲ್ಲಿತ್ತು. ಅಲ್ಲೂ ನಾನು ಬಾಯಿ ಬಿಡಲಿಲ್ಲ. ಇಳಿದುಹೋಗಿ ರಸ್ತೆಯ ಈಚೆಯಿಂದ ನೋಡಿದೆ. ತಲೆ ಪೂರ್ತಿ ಬೆಳ್ಳಗಾಗಿದೆ. ಗಾಜು ಕತ್ತರಿಸುತ್ತಿದ್ದ, ಮೊದಲಿನ ಹಾಗೆ ಎರಡೆರಡು ಸಲ ಅಳೆದು. ರಸ್ತೆ ದಾಟಲಿಲ್ಲ. ಬಸ್ಸು ಹತ್ತಿದೆ. ಮರುದಿನ ಫೋನಿನಲ್ಲಿ ನಿನಗೆ ಆ ಕಾಲೇಜು ಮುಚ್ಚುತ್ತದೆ ಅಂದೆ. ನೀನು ಅಲ್ಲಿ ಸೇರಿದರೆ ಒಂದಲ್ಲ ಒಂದು ದಿನ ಅವನನ್ನು ಕಾಣುತ್ತೀಯ, ನನ್ನನ್ನು ಅರಿಯುತ್ತೀಯ ಎಂಬ ಭಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆ.

ಆ ತರಗತಿಯ ನಿಯಮದಂತೆ ಅವನ ದೂರನ್ನು ಹೇಳಲು ನೋಡುತ್ತೇನೆ. ನಾಲ್ಕು ದಿನದಿಂದ ಹಾಳೆಯ ಮೇಲೆ ಹಾಳೆ ಹರಿದಿದ್ದೇನೆ, ಪ್ರತಿ ಸಲವೂ ಅದು ನನ್ನ ಉತ್ತರವೇ ಆಗಿಬಿಡುತ್ತಿತ್ತು. ಈಗ ಇಷ್ಟು ಉಳಿದಿದೆ: 'ಕೆಲಸ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ನೀನು ಮಾಡಿದೀನಿ ಅಂದೆ, ನಾನು ನಂಬಿದೆ. ಆಮೇಲೆ ನನಗೆ ಯಾರ ಮಾತಿಗೂ ನೋಡದೆ ಸಹಿ ಹಾಕೋಕೆ ಆಗಲಿಲ್ಲ.' ಇದು ಸರಿಯಿದೆಯೋ ಇಲ್ಲವೋ ಅವನೇ ಹೇಳಬೇಕು. ಸರಿಯಿಲ್ಲ ಅಂದರೆ ಇನ್ನೊಂದು ಸಲ ಹೇಳುತ್ತೇನೆ.

ನೀನು ಅಲ್ಲಿಗೆ ಸೇರಿದರೂ ಸೇರದಿದ್ದರೂ ನಾನು ಹೋಗುವುದು ನಿಶ್ಚಯ. ರಜೆ ಬರೆದುಕೊಟ್ಟಿದ್ದೇನೆ. ಸೇರುವುದಾದರೆ ಒಟ್ಟಿಗೆ ಹೋಗೋಣ: ನೀನು ಮೆಟ್ಟಿಲು ಹತ್ತು, ನಾನು ರಸ್ತೆ ದಾಟುತ್ತೇನೆ. ನಿನ್ನನ್ನು ನನ್ನ ರಾಯಭಾರಿಯಾಗಿ ಮುಂದೆ ಕಳಿಸುವುದಿಲ್ಲ. ಅವನು ಬಾಗಿಲು ತೆಗೆದರೂ ತೆಗೆಯದಿದ್ದರೂ ಅದು ನನಗೆ ಸೇರಿದ್ದು. ನೀನು ಆಮೇಲೆ ನಿನ್ನ ಮಸಿಮಾಮನನ್ನು ನಿನ್ನಷ್ಟಕ್ಕೆ ಹೋಗಿ ಕಾಣು.

ಅವನ ಪೆನ್ಸಿಲ್ ಸುತ್ತು ಇದ್ದ ಆ ಪರೀಕ್ಷೆಯ ಹಾಳೆಯನ್ನು ನಾನು ಎಸೆದಿರಲಿಲ್ಲ. ಹದಿನಾಲ್ಕು ವರ್ಷ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಅದನ್ನು ಅವನ ಕೈಗೆ ಕೊಡಬೇಕು. ಎಳೆದವನ ಸಹಿಗೆಂದು ಅದರಲ್ಲಿ ಜಾಗ ಬಿಟ್ಟಿಲ್ಲ, ಹಾಗಾಗಿ ಸುತ್ತಿನ ಪಕ್ಕದಲ್ಲಿ, ನದಿಯ ಮೇಲೆಯೇ, ಇವತ್ತು ಬೆಳಿಗ್ಗೆ ಸಹಿ ಹಾಕಿದೆ.